ನೋವಿಗೆ ಒಂದೇ ಡಾಕ್ಟರು ಸಾಲದು

“ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ.” ಈ ಮಾತು ಕೇಳಿಸಿಕೊಂಡ ಕುಟುಂಬ ಮೈಸೂರಿನ ಯಾವ ಮೊಹಲ್ಲಾದಲ್ಲಿಲ್ಲ? ಡಾಕ್ಟರ ಮಾತು ಅಲ್ಲಿಗೆ ಮುಗಿಯಿತು. ರೋಗಿಯ ನೋವು ಮುಗಿಯಲಿಲ್ಲ. ಕಾಯಿಲೆ ವಾಸಿಯಾಗದಿದ್ದರೂ ಮನುಷ್ಯ ನರಳಬಾರದು ಎಂದು ಮಾಡುವ ಚಾಕರಿಗೆ ಉಪಶಮನ ಆರೈಕೆ ಎನ್ನುತ್ತಾರೆ.

ಇದು ಕ್ಯಾನ್ಸರ್ ಡಾಕ್ಟರ ಬಾಬತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಈ ಆರೈಕೆ ಬೇಕಾದ ವಯಸ್ಕರಲ್ಲಿ ಕ್ಯಾನ್ಸರಿನವರು ನೂರಕ್ಕೆ 34. ಹೃದಯ, ರಕ್ತನಾಳದ ಕಾಯಿಲೆಯವರೇ 38ಕ್ಕೂ ಹೆಚ್ಚು! ಶ್ವಾಸಕೋಶ ಕೆಟ್ಟವರು, ಕಿಡ್ನಿ ಸೋತವರು, ಮರೆವಿನ ಕಾಯಿಲೆಯ ವೃದ್ಧರು ಬೇರೆ. ಹೃದ್ರೋಗಿಯ ಏದುಸಿರು ಇಳಿಸಲು ಹೃದಯ ಬಲ್ಲವರು ಬೇಡವೇ? ಕಿಡ್ನಿ ಕೆಟ್ಟವರಿಗೆ ಮಾರ್ಫಿನ್ ಕೊಡುವಾಗ ಕಿಡ್ನಿ ಡಾಕ್ಟರನ್ನು ಒಂದು ಮಾತು ಕೇಳಬೇಡವೇ? ಹಾಸಿಗೆ ಹಿಡಿದ ಅಜ್ಜನ ದಿಗಿಲಿಗೆ ಮನೋವೈದ್ಯರು ಬೇಕು. ನೋವು ಹೇಳಲಾರದ ಕೂಸಿಗೆ ಮಕ್ಕಳ ಡಾಕ್ಟರು ಬೇಕು.

ಈ ವಿದ್ಯೆ ಬೆಳೆದದ್ದೂ ನಾನಾ ಕಡೆಯವರಿಂದಲೇ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸು, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರು. 1993ರಲ್ಲಿ ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ ಈ ಕೆಲಸಕ್ಕೆ ಸಂಘ ಕಟ್ಟಿದವರಲ್ಲಿ ಒಬ್ಬರಾದ ಡಾ. ಎಂ.ಆರ್. ರಾಜಗೋಪಾಲ್ ಅರಿವಳಿಕೆ ಡಾಕ್ಟರು. ಇದಕ್ಕೆಂದೇ ನಮ್ಮ ದೇಶದಲ್ಲಿ ಎಂ.ಡಿ. ಶುರುವಾದದ್ದು 2012ರಲ್ಲಿ, ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ. ಅಂಥ ಎಂ.ಡಿ.ಗಳು ಬರಲಿ ಅಂತ ಕಾಯ್ತಾ ಕೂತರೆ ರೋಗಿ ಕಾಯುವುದಿಲ್ಲ ಸ್ವಾಮಿ.

ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ, ಸುಪ್ರೀಂ ಕೋರ್ಟ್ ತೀರ್ಪಿನಂತೆ, ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಅದಕ್ಕೆ ಎರಡು ಮಂಡಳಿ, ತಲಾ ಮೂವರು ಡಾಕ್ಟರು. ಚಿಕಿತ್ಸೆ ನಿಲ್ಲಿಸಲು ಆರು ಜನ ಕೂಡಬೇಕು. ನೋವು ನಿಲ್ಲಿಸಲು ಇಬ್ಬರಾದರೂ ಕೂಡಬಾರದೆ?

ಮೈಸೂರಿಗೆ ಡಾಕ್ಟರ ಬರವಿಲ್ಲ. 1924ರ ಮೆಡಿಕಲ್ ಕಾಲೇಜಿದೆ, ಕೆ.ಆರ್. ಆಸ್ಪತ್ರೆಯಿದೆ, ಮಕ್ಕಳಿಗೆ ಚೆಲುವಾಂಬ ಇದೆ, ಹೃದಯಕ್ಕೆ ಜಯದೇವ ಇದೆ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುತ್ತಿದ್ದಾರೆ. ಆದರೆ ಒಂದು ಸಂಸ್ಥೆ ಇಡೀ ಜಿಲ್ಲೆಯ ನೋವು ಹೊರಲಾದೀತೆ? ಹುಣಸೂರು, ನಂಜನಗೂಡಿನಿಂದ ಬಸ್ಸು ಹತ್ತಿಸಿ ರೋಗಿಯನ್ನು ಕರೆತಂದವರು ಇವತ್ತು ಹೃದಯಕ್ಕೊಂದು ಚೀಟಿ, ನಾಳೆ ಕಿಡ್ನಿಗೊಂದು ಚೀಟಿ ಎಂದು ಅಲೆದರೆ ಆ ದಿನ ಅಂಗಡಿ ಬಾಗಿಲು ಮುಚ್ಚಿತು, ಕೂಲಿಯೂ ಹೋಯಿತು. ರೋಗಿಗೆ ಅಲೆದಾಟವೇ ಇನ್ನೊಂದು ಕಾಯಿಲೆ.

ಕೋಟಿಗಟ್ಟಲೆ ಖರ್ಚಿನ ಕಟ್ಟಡ ಯಾರೂ ಕೇಳುತ್ತಿಲ್ಲ. ಪ್ರತಿ ವಿಭಾಗದ ಒಬ್ಬರಿಗಾದರೂ ಈ ತರಬೇತಿ ಕೊಡಿಸಿ. ವಾರಕ್ಕೊಂದು ದಿನ ಅವರೆಲ್ಲ ನರ್ಸುಗಳ ಜತೆ ಒಂದೇ ಕೊಠಡಿಯಲ್ಲಿ ಕೂರಲಿ. ರೋಗಿ ಒಂದೇ ಸಲ ಬಂದು ಹೋಗಲಿ. 2019ರಿಂದ ಎಂ.ಬಿ.ಬಿ.ಎಸ್. ಪಾಠದಲ್ಲೂ ಈ ವಿಷಯ ಸೇರಿದೆ. ಪಾಠಕ್ಕೆ ಬಂದದ್ದು ವಾರ್ಡಿಗೂ ಬರಲಿ. ಜಿಲ್ಲಾಡಳಿತ, ಆಸ್ಪತ್ರೆಗಳ ಮುಖ್ಯಸ್ಥರು ತಡಮಾಡದೆ ಇತ್ತ ಗಮನ ಹರಿಸಲಿ.