ಎರವಲು ಪಿಸ್ತೂಲು, ಸ್ವಂತದ ಹಿಡಿ

ಕೊಡುಕೊಳ್ಳುವ ವ್ಯವಹಾರಕ್ಕೆ ಕನ್ನಡದಲ್ಲಿ ಹಲವು ಮಾತುಗಳುಂಟು. ಸಾಲವಾಗಿ ತಂದ ಹತ್ತು ಸೇರು ರಾಗಿಗೆ ಪ್ರತಿಯಾಗಿ ಬೇರೆ ಹತ್ತು ಸೇರು ರಾಗಿಯನ್ನು ಅಳೆದುಕೊಟ್ಟರೆ ಲೆಕ್ಕ ತೀರಿತು. ಮುಯ್ಯಾಳಿಗೆ ಪ್ರತಿಯಾಗಿ ಆಳು ಹೋಗಿ ದುಡಿದು ಬಂದರೆ ಋಣ ಹರಿಯಿತು. ಎರವಲು ತಂದದ್ದನ್ನಾದರೋ ಅದನ್ನೇ ಹಿಂದಿರುಗಿಸಬೇಕು. ಅದೂ ತಂದಾಗ ಹೇಗಿತ್ತೋ ಹಾಗೆಯೇ ಹಿಂದಿರುಗಿಸಬೇಕು. ಈ ಭೇದವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆದರೆ ಅದರ ಭಾರವೆಷ್ಟೆಂಬುದನ್ನು ನನಗೆ ಕಲಿಸಿದವರು ನನ್ನ ಇಬ್ಬರು ವಿದ್ಯಾರ್ಥಿನಿಯರು.

ತುರುವೇಕೆರೆಯ ಸೀಮೆಯಲ್ಲಿ ಮಾತು ತೆಂಗಿನಿಂದ ಹೊರಟು ಕೊಬ್ಬರಿಯ ಧಾರಣೆಯಲ್ಲಿ ಮುಗಿಯುವುದು ವಾಡಿಕೆ. ಅಂಥ ಊರಿನಲ್ಲಿ ಪಿಸ್ತೂಲಿನ ಮಾತು ಬಂದರೆ ಕೇಳಿದವರು ಹುಬ್ಬೇರಿಸುವುದು ಸಹಜವೇ. ಆದರೆ ಇದು ಗುರಿಯ ಆಟದ ಪಿಸ್ತೂಲು. ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಂಡನ್ನು ಹಾರಿಸುವಂಥದು. ಸಿಡಿಮದ್ದಿನದಾದರೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ಪರವಾನಗಿ ಒಬ್ಬರ ಹೆಸರಿಗಿರುವಾಗ ಇನ್ನೊಬ್ಬರಿಗೆ ಎರವಲು ಕೊಡುವ ಮಾತೇ ಬೇರೆ. ನಮ್ಮ ಹುಡುಗಿಯರ ಪಿಸ್ತೂಲು ಅಂಥದಲ್ಲ. ಅದನ್ನು ಕೊಂಡವರು ಒಬ್ಬಳ ತಂದೆ. ಅಟ್ಟದ ಮೇಲೆ ವರ್ಷವೊಪ್ಪತ್ತು ಒಣಗಿದ ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಿ, ಬಂದ ಹಣಕ್ಕೆ ಇನ್ನಷ್ಟು ಕೂಡಿಸಿ ಕೊಂಡದ್ದು. ವಿದೇಶದಿಂದ ಬರುವ ಇಂಥ ಪಿಸ್ತೂಲಿಗೆ ಲಕ್ಷ ರೂಪಾಯಿಗೂ ಮೇಲಿನ ಬೆಲೆಯಾಗುತ್ತದೆ. ಇನ್ನೊಬ್ಬಳ ಮನೆಯಲ್ಲಿ ಅಷ್ಟು ತೆಂಗೂ ಇಲ್ಲ, ಅಷ್ಟು ಹಣವೂ ಇಲ್ಲ. ಇಬ್ಬರೂ ಗೆಳತಿಯರು, ಆದುದರಿಂದ ಪಿಸ್ತೂಲು ಇಬ್ಬರದೂ ಆಯಿತು. ಎರವಲು ಪಡೆದವಳ ಗುರಿಯೇ ಒಡತಿಯ ಗುರಿಗಿಂತ ಚೆನ್ನಾಗಿತ್ತೆಂಬುದು ಮಾತ್ರ ಈ ಸ್ನೇಹಕ್ಕೆ ವಿಧಿ ಒಡ್ಡಿದ ಪರೀಕ್ಷೆ.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು. ಹತ್ತು ಮೀಟರು ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಅಂದರೆ ಅಂಗಿಯ ಗುಂಡಿಯಷ್ಟು. ಗುಂಡಿನ ಅಗಲ 4.5 ಮಿಲಿಮೀಟರು. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹಿಡಿದು, ಎಪ್ಪತ್ತೈದು ನಿಮಿಷಗಳಲ್ಲಿ ಅರುವತ್ತು ಗುಂಡು ಹೊಡೆಯಬೇಕು. ಅದಕ್ಕೆ ಮುಂಚೆ ಸಿದ್ಧತೆಗೂ ಗುರಿ ಹೊಂದಿಸಿಕೊಳ್ಳುವುದಕ್ಕೂ ಹದಿನೈದು ನಿಮಿಷ. ನಮ್ಮವರು ಬಂದೂಕಿನ ಕುದುರೆಯೆಂದು ಕರೆಯುವ ಟ್ರಿಗರು 500 ಗ್ರಾಂ ತೂಕವನ್ನಾದರೂ ತಾಳಬೇಕೆಂಬ ನಿಯಮವಿದೆ. ಹಿಡಿ ಮರದ್ದು, ಹೊಡೆಯುವವರ ಅಂಗೈಯ ಉಬ್ಬುತಗ್ಗುಗಳಿಗೆ ಸರಿಯಾಗಿ ಅದನ್ನು ಉಜ್ಜಿ, ಬೇಕಾದಲ್ಲಿ ಮೇಣದಂಥ ಲೇಪವನ್ನು ತುಂಬಿ ಹೊಂದಿಸುತ್ತಾರೆ. ಗುರಿ ನೋಡುವ ಕಿಂಡಿಗೆ ತಿರುಪುಗಳಿವೆ. ಒಂದೊಂದು 'ಟಿಕ್' ತಿರುಗಿಸಿದಂತೆಲ್ಲ ಗುಂಡು ಬೀಳುವ ಜಾಗ ಕೂದಲೆಳೆಯಷ್ಟು ಸರಿಯುತ್ತದೆ. ಒಬ್ಬರ ಕಣ್ಣಿಗೆ ಸರಿಯಾದ ತಿರುಪು ಇನ್ನೊಬ್ಬರ ಕಣ್ಣಿಗೆ ಸರಿಯಾಗಬೇಕೆಂದಿಲ್ಲ.

ಬೆಂಗಳೂರಿನಲ್ಲಿ ಒಂದು ಸ್ಪರ್ಧೆ. ಜೊತೆಗೆ ಹೋಗುವ ಅಧ್ಯಾಪಕರು ಬೇಕೆಂದಾಗ ಆ ಸರದಿ ನನ್ನ ಪಾಲಿಗೆ ಬಂತು. ಒಂದೇ ಪಿಸ್ತೂಲಾದ್ದರಿಂದ ಇಬ್ಬರನ್ನೂ ಬೇರೆ ಬೇರೆ ಸರದಿಗೆ ಹಾಕಿರೆಂದು ಮೊದಲೇ ಕೇಳಿಕೊಂಡಿದ್ದೆವು, ಹಾಕಿದ್ದರು. ಒಡತಿ ಮೊದಲ ಸರದಿಯಲ್ಲಿ ಹೊಡೆದಳು. ಅಲ್ಲಿಯ ದೀಪದ ಬೆಳಕಿಗೆ ಹೊಂದಿಕೊಳ್ಳಲೆಂದು ನಡುವೆ ಎರಡು ಮೂರು ಸಲ ತಿರುಪನ್ನು ತಿರುಗಿಸಿದ್ದಳು. ಮುಗಿಸಿ ಬಂದವಳು ತನ್ನ ಅಂಕಗಳ ಚಿಂತೆಯಲ್ಲಿ ಆ ಮಾತನ್ನು ಹೇಳಲು ಮರೆತಳು. ಗಾಳಿಯ ಕೊಳವೆ ಬದಲಿಸುವ ಗಡಿಬಿಡಿಯಲ್ಲಿ ಇವಳಿಗೆ ದೊರೆತ ಹದಿನೈದು ನಿಮಿಷದಲ್ಲಿ ಕೆಲವು ನಿಮಿಷ ಕಳೆದೇಹೋಯಿತು. ಗುಂಡುಗಳು ಎಡಕ್ಕೆ, ಕೆಳಕ್ಕೆ ಬೀಳತೊಡಗಿದವು. ಮೊದಲ ಹತ್ತರಲ್ಲಿ ಒಂದೂ ನಡುವಿನ ವೃತ್ತವನ್ನು ಮುಟ್ಟಲಿಲ್ಲ.

ಆಮೇಲೆ ನಾನು ಕೇಳಿದೆ: "ತಿರುಪನ್ನು ಸರಿಮಾಡಿಕೊಳ್ಳಬಾರದಾಗಿತ್ತೆ?" ಆಕೆ ಹೇಳಿದ ಉತ್ತರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ: "ತಪ್ಪು ನನ್ನ ಕೈಯದೇ ಅಂದುಕೊಂಡೆ, ಸರ್. ಅವಳದನ್ನು ಕೇಳದೆ ಹೇಗೆ ಮುಟ್ಟಲಿ?"

ಎರವಲು ತಂದವರ ಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ. ಸ್ವಂತದ ವಸ್ತು ಕೆಟ್ಟರೆ ವಸ್ತುವನ್ನು ಬೈಯುತ್ತೇವೆ. ಎರವಲಿನ ವಸ್ತು ಕೆಟ್ಟರೆ ನಮ್ಮನ್ನೇ ಶಂಕಿಸುತ್ತೇವೆ. ಕೊಟ್ಟವರ ಔದಾರ್ಯ ಎಷ್ಟೇ ದೊಡ್ಡದಿರಲಿ, ಪಡೆದವರ ಕೈಯನ್ನು ಅದು ಕಾಣದ ಹಗ್ಗದಿಂದ ಕಟ್ಟಿರುತ್ತದೆ. ಆ ಸಂಜೆ ಬಸ್ಸು ಕುಣಿಗಲ್ಲು ದಾಟಿ, ಎಡೆಯೂರು ದಾಟಿ, ಮಾಯಸಂದ್ರ ಬಂದರೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಒಬ್ಬಳಿಗೆ ತಾನು ಕೊಟ್ಟೂ ಕೆಟ್ಟವಳಾದೆನೆಂಬ ನೋವು. ಇನ್ನೊಬ್ಬಳಿಗೆ ಪಡೆದದ್ದರಿಂದ ದೂರುವ ಹಕ್ಕನ್ನೂ ಕಳೆದುಕೊಂಡೆನೆಂಬ ನೋವು.

ಈ ಸ್ಥಿತಿ ನನಗೆ ಹೊಸದಲ್ಲ. ಎಂ.ಎ. ಓದುವಾಗ ನಾನೂ ನನ್ನ ಕೊಠಡಿಯ ಗೆಳೆಯನೂ ಒಂದೇ ವ್ಯಾಕರಣ ಗ್ರಂಥವನ್ನು ಹಂಚಿಕೊಂಡಿದ್ದೆವು, ಪುಸ್ತಕ ಅವನದು. ಅವನು ಗೆರೆ ಎಳೆದ ಸೂತ್ರಗಳೇ ಮುಖ್ಯವೆಂದು ನನ್ನ ಕಣ್ಣು ತಾನಾಗಿ ನಂಬಿತು. ಗೆರೆ ಇಲ್ಲದ ಕಡೆಯಿಂದಲೇ ಪರೀಕ್ಷೆಯ ಪ್ರಶ್ನೆ ಬಂತು. ಅವನ ತಪ್ಪೇನೂ ಇರಲಿಲ್ಲ. ಅವನು ಕೊಟ್ಟದ್ದು ಪುಸ್ತಕವನ್ನು; ನಾನು ಪಡೆದದ್ದು ಅದರ ಜೊತೆಗೆ ಅವನ ಕಣ್ಣನ್ನೂ.

ಹಳಗನ್ನಡದಲ್ಲಿ ಆಯುಧಕ್ಕೆ 'ಕೈದು' ಎಂಬ ಹೆಸರುಂಟು. ಆ ಪದವನ್ನು ಉಚ್ಚರಿಸಿದೊಡನೆ ಅದರೊಳಗಿನ ಕೈ ಕೇಳಿಸುತ್ತದೆ. ಆಯುಧವೆಂದರೆ ಕೈಯ ಮುಂದುವರಿಕೆ; ಕೈಯನ್ನು ಯಾರು ತಾನೇ ಎರವಲು ಕೊಟ್ಟಾರು? ಮಹಾಭಾರತದ ಕರ್ಣಪರ್ವದ ಪ್ರಸಂಗವನ್ನು ಓದುಗರು ಬಲ್ಲರು. ಕರ್ಣನಿಂದ ಗಾಯಗೊಂಡ ಧರ್ಮರಾಯನು ಸಿಟ್ಟಿನ ಭರದಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡೆಂದು ಅರ್ಜುನನನ್ನು ಹಳಿಯುತ್ತಾನೆ. ಹಾಗೆಂದವರನ್ನು ಕೊಲ್ಲುವೆನೆಂದು ವ್ರತ ತೊಟ್ಟಿದ್ದ ಅರ್ಜುನ ಅಣ್ಣನ ಮೇಲೆಯೇ ಕತ್ತಿ ಹಿರಿಯುತ್ತಾನೆ; ಕೃಷ್ಣ ನಡುವೆ ಬಂದು ಅನಾಹುತವನ್ನು ತಪ್ಪಿಸುತ್ತಾನೆ. ಬಿಲ್ಲೊಂದರ ಮಾತಿಗೆ ಇಷ್ಟು ರೋಷವೇಕೆಂದು ನಾನು ಹುಡುಗನಾಗಿದ್ದಾಗ ಬೆರಗಾಗುತ್ತಿದ್ದೆ. ಆ ಮಾತು ಬಿಲ್ಲಿನದಲ್ಲ, ಕೈಯದು ಎಂದು ಈಗ ತೋರುತ್ತದೆ.

ನಮ್ಮ ಕಾಲದ ನಿದರ್ಶನಗಳೂ ಇದನ್ನೇ ಹೇಳುತ್ತವೆ. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರ ಜುಲೈ 25ರಂದು, ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟಿತು. ಅದನ್ನು ಸರಿಪಡಿಸುವುದರಲ್ಲಿ ಹಲವು ನಿಮಿಷ ಕಳೆದವು. 575 ಅಂಕ ಗಳಿಸಿ ಹನ್ನೆರಡನೆಯವರಾಗಿ ಅವರು ಅಂತಿಮ ಸುತ್ತಿನಿಂದ ಹೊರಗುಳಿದರು. ಬೇರೊಂದು ಪಿಸ್ತೂಲನ್ನು ಕೈಗೆತ್ತಿಕೊಂಡರಾಯಿತಲ್ಲ ಎನ್ನುವುದು ದೂರದಲ್ಲಿ ಕುಳಿತು ನೋಡುವವರಿಗೆ ಸುಲಭ. ಗಡಿಯಾರ ಓಡುತ್ತಿರುವಾಗ ಅಂಗೈಗೆ ಇನ್ನೊಂದು ಹಿಡಿಯನ್ನು ಒಪ್ಪಿಸುವುದು ಎಷ್ಟು ಕಷ್ಟವೆಂಬುದನ್ನು ಹೊಡೆಯುವವರು ಬಲ್ಲರು.

ಜೊತೆಗಾರಿಕೆಗೆ ಈ ಆಟದಲ್ಲಿ ಸ್ಥಾನವಿಲ್ಲವೆಂದು ಇದರ ಅರ್ಥವಲ್ಲ. ಹೆಣ್ಣೊಬ್ಬಳು, ಗಂಡೊಬ್ಬನು ಕೂಡಿ ಆಡುವ ಮಿಶ್ರ ತಂಡದ ಸ್ಪರ್ಧೆಯೇ ಇದೆ. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಅವರು ಸರಬ್ಜೋತ್ ಸಿಂಗ್ ಅವರೊಡನೆ 2023ರ ಮೇ ತಿಂಗಳಿನಲ್ಲಿ ಬಾಕುವಿನ ವಿಶ್ವಕಪ್ಪಿನಲ್ಲಿ ಸರ್ಬಿಯದ ಜೋಡಿಯನ್ನು 16–14ರಿಂದ ಗೆದ್ದು ಚಿನ್ನ ಪಡೆದರು. ಅದೇ ವರ್ಷ ಸೆಪ್ಟೆಂಬರ್ 30ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚೀನದ ಜೋಡಿಗೆ 14–16ರಿಂದ ಸೋತು ಬೆಳ್ಳಿ ತಂದರು. ಈ ಸ್ಪರ್ಧೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಏಕಕಾಲದಲ್ಲಿ ಹೊಡೆಯುತ್ತಾರೆ. ಗೆಲವು ಒಂದೇ, ಸೋಲು ಒಂದೇ, ಅಂಕಗಳ ಮೊತ್ತ ಒಂದೇ; ಪಿಸ್ತೂಲು ಮಾತ್ರ ಅವರವರದು.

ಹಾಗಾದರೆ ಯಾವುದನ್ನು ಹಂಚಿಕೊಳ್ಳಬಹುದು? ಇನ್ನ್ಸ್‌ಬ್ರುಕ್ಕಿನ 1964ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಇಬ್ಬರು ಸ್ಪರ್ಧಿಗಳ ಹಿಮಗಾಡಿಯ ಅಚ್ಚಿನ ಬೋಲ್ಟು ಮುರಿಯಿತು. ಅವರ ಪ್ರತಿಸ್ಪರ್ಧಿಯಾದ ಇಟಲಿಯ ಯುಜೇನಿಯೋ ಮೋಂಟಿ ತನ್ನ ಗಾಡಿಯ ಬೋಲ್ಟನ್ನೇ ಕಳಚಿ ಕೊಟ್ಟ. ಅವರು ಚಿನ್ನ ಗೆದ್ದರು; ಮೋಂಟಿಗೆ ಕಂಚು ಬಂತು. ಬೋಲ್ಟಿಗೆ ಯಾರ ಕೈಯ ಅಚ್ಚೂ ಇಲ್ಲ. ಆದುದರಿಂದ ಅದು ಯಾರ ಗಾಡಿಗಾದರೂ ಸಲ್ಲುತ್ತದೆ. ಕೈಯ ಅಚ್ಚಿಲ್ಲದ್ದನ್ನು ಧಾರಾಳವಾಗಿ ಹಂಚಬಹುದು. ಕೈಯ ಅಚ್ಚುಳ್ಳದ್ದನ್ನು ಹಂಚುವಾಗ ಆ ಅಚ್ಚನ್ನು ಬೇರ್ಪಡಿಸಿ ಹಂಚಬೇಕು. ನನ್ನ ಮಟ್ಟಿಗೆ ತಿಳಿದ ನೀತಿ ಇಷ್ಟೆ.

ಇದಕ್ಕೆ ನಮ್ಮ ತೋಟಗಳಲ್ಲೇ ದೃಷ್ಟಾಂತವಿದೆ. ನಾನು ಬೆಳೆದ ಕೇರಿಯಲ್ಲಿ ಕಾಯಿ ಕೀಳುವ ಉದ್ದನೆಯ ದೋಟಿ ನಾಲ್ಕು ಮನೆಗೆ ಒಂದೇ ಇತ್ತು. ಬಿದಿರಿನ ಗಳು ಎಲ್ಲರದು. ಆದರೆ ಅದರ ತುದಿಗೆ ಕಟ್ಟುವ ಕುಡುಗೋಲನ್ನು ಪ್ರತಿಯೊಬ್ಬನೂ ತನ್ನ ಮನೆಯಿಂದ ತರುತ್ತಿದ್ದ. ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಿದ್ದ. ಗಳುವಿನ ವಿಷಯಕ್ಕಾಗಲಿ ಕುಡುಗೋಲಿನ ವಿಷಯಕ್ಕಾಗಲಿ ಜಗಳವಾದದ್ದನ್ನು ನಾನು ಕಾಣೆ.

ನಮ್ಮ ಹುಡುಗಿಯರಿಗೂ ಕೊನೆಗೆ ಈ ದಾರಿಯೇ ಹೊಳೆಯಿತು. ಪಿಸ್ತೂಲಿನ ಹಿಡಿಯನ್ನು ತಿರುಪು ಬಿಚ್ಚಿ ತೆಗೆಯಬಹುದು, ಬೇರೆಯದನ್ನು ತೊಡಿಸಬಹುದು. ಊರಿನ ಮರಗೆಲಸದವರೊಬ್ಬರು ಎರವಲು ಹುಡುಗಿಯ ಕೈಗೆ ಹಸಿ ಜೇಡಿಯ ಉಂಡೆಯೊಂದನ್ನು ಕೊಟ್ಟು ಗಟ್ಟಿಯಾಗಿ ಹಿಡಿಯೆಂದರು. ಆ ಅಚ್ಚನ್ನು ನೋಡಿ ನೋಡಿ ಬೀಟೆಯ ತುಂಡಿನಲ್ಲಿ ಒಂದು ಹಿಡಿ ಕೆತ್ತಿದರು. ಮೂರು ಸಲ ಕೆಟ್ಟಿತು, ನಾಲ್ಕನೆಯದು ಕೂಡಿಬಂತು. ಜೊತೆಗೆ ಒಂದು ಎರಡಾಣೆಯ ನೋಟುಪುಸ್ತಕದಂಥ ಪುಟ್ಟ ಪುಸ್ತಕ ಬಂತು. ಅದರ ಎಡಪುಟ ಒಬ್ಬಳದು, ಬಲಪುಟ ಇನ್ನೊಬ್ಬಳದು: ತಿರುಪು ಎಷ್ಟು ಟಿಕ್, ಯಾವ ಕಡೆಗೆ, ಬೆಳಕು ಹೇಗಿತ್ತು, ಕೊಳವೆಯಲ್ಲಿ ಗಾಳಿ ಎಷ್ಟು. ಪಿಸ್ತೂಲನ್ನು ಒಪ್ಪಿಸುವವಳು ಅದನ್ನು ತನ್ನ ಗೆಳತಿಯ ಪುಟದಲ್ಲಿರುವಂತೆ ತಿರುಗಿಸಿಯೇ ಒಪ್ಪಿಸಬೇಕು. ಒಪ್ಪಿಸುವುದೂ ಕೈಯಿಂದ ಕೈಗಲ್ಲ. ಗುಂಡಿಲ್ಲವೆಂದು ತೋರಿಸಿ, ಸುರಕ್ಷತೆಯ ಬಣ್ಣದ ಕಡ್ಡಿಯನ್ನು ತೂರಿಸಿ, ಮೇಜಿನ ಮೇಲಿಡಬೇಕು. ಇನ್ನೊಬ್ಬಳು ಅಲ್ಲಿಂದ ಎತ್ತಿಕೊಳ್ಳಬೇಕು. ಉಪ್ಪು, ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಅಜ್ಜಿಯರು ಕೆಳಗಿಟ್ಟು ಕೊಡುತ್ತಿದ್ದರಲ್ಲ, ಆ ಹಳೆಯ ಮಾತು ಎಲ್ಲಿ ಬಂದು ಸಾರ್ಥಕವಾಯಿತೆಂದು ನನಗೆ ನಗು ಬಂತು.

ಶಾಲೆ ಕಾಲೇಜುಗಳನ್ನು ನಡೆಸುವವರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಬೆಲೆಬಾಳುವ ಉಪಕರಣವಿಲ್ಲದೆ ನಡೆಯದ ಆಟಗಳಿಗೆ ಹಳ್ಳಿಯ ಮಕ್ಕಳು ಬರುವುದು ಎರವಲಿನ ಬಾಗಿಲಿನಿಂದಲೇ. ಆ ಬಾಗಿಲನ್ನು ಗೆಳೆಯರ ಔದಾರ್ಯಕ್ಕೆ ಮಾತ್ರ ಬಿಡುವುದು ನ್ಯಾಯವಲ್ಲ. ಔದಾರ್ಯ ಎಂದಾದರೊಂದು ದಿನ ಬಳಲುತ್ತದೆ. ಯಂತ್ರ ಸಂಸ್ಥೆಯದಾಗಿರಲಿ. ಒಂದು ತಾಲ್ಲೂಕಿಗೆ ಎರಡೇ ಇದ್ದರೂ ಚಿಂತೆಯಿಲ್ಲ, ಪುಸ್ತಕ ಭಂಡಾರದ ಪುಸ್ತಕದಂತೆ ಲೆಕ್ಕವಿಟ್ಟು ಸರದಿಯಲ್ಲಿ ಸಿಗಲಿ. ಆದರೆ ಹಿಡಿ ಮಾತ್ರ ಪ್ರತಿ ಮಗುವಿಗೂ ತನ್ನದೇ ಆಗಿರಲಿ. ಯಂತ್ರದ ಬೆಲೆಯ ಮುಂದೆ ಒಂದು ಮರದ ತುಂಡಿನ ಬೆಲೆ ಎಷ್ಟರದು? 'ಇದು ನನ್ನದು, ಇದನ್ನು ನಾನು ಕೇಳದೆ ತಿದ್ದಿಕೊಳ್ಳಬಹುದು' ಎಂಬ ಧೈರ್ಯ ಕೈಗೆ ಬರದಿದ್ದರೆ ಉಳಿದದ್ದೆಲ್ಲ ಬಂದೂ ಬಾರದಂತೆ.

ಉಳ್ಳವರಿಗೂ ಒಂದು ಮಾತು. ಕೊಟ್ಟದ್ದನ್ನು ಪೂರ್ತಿಯಾಗಿ ಕೊಡಿ. ತಿದ್ದಿಕೊಳ್ಳುವ ಸ್ವಾತಂತ್ರ್ಯವನ್ನು ನಿಮ್ಮಲ್ಲೇ ಇಟ್ಟುಕೊಂಡು ವಸ್ತುವನ್ನು ಮಾತ್ರ ಕೊಟ್ಟರೆ ಅದು ಅರ್ಧ ದಾನ.

ಮೊನ್ನೆಯ ಸ್ಪರ್ಧೆಗೂ ನಾನು ಹೋಗಿದ್ದೆ. ಈ ಸಲ ಎರವಲು ಹುಡುಗಿ ಮೊದಲ ಸರದಿಯಲ್ಲಿ ಹೊಡೆದಳು. ಮುಗಿದೊಡನೆ ತನ್ನ ಬೀಟೆಯ ಹಿಡಿಯನ್ನು ಬಿಚ್ಚಿ ಚೀಲಕ್ಕೆ ಹಾಕಿ, ಗೆಳತಿಯ ಹಿಡಿಯನ್ನು ತೊಡಿಸಿ, ಪುಟ್ಟ ಪುಸ್ತಕದ ಬಲಪುಟವನ್ನು ನೋಡಿ ನಾಲ್ಕು ಟಿಕ್ ತಿರುಗಿಸಿ, ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಆಮೇಲೆ ನನ್ನ ಪಕ್ಕದಲ್ಲಿ ಬಂದು ಕುಳಿತು, ತನ್ನ ಅಂಕಗಳ ಮಾತನ್ನೇ ಎತ್ತದೆ, ಗೆಳತಿಯ ಮೊದಲ ಗುಂಡು ಎಲ್ಲಿ ಬೀಳುವುದೋ ಎಂದು ನೋಡುತ್ತಿದ್ದಳು. ಅದು ಒಂಬತ್ತರ ವೃತ್ತದಲ್ಲಿ ಬಿತ್ತು. "ಸರಿಯಾಗಿದೆ, ಸರ್," ಎಂದಳು, "ಇನ್ನು ಅವಳ ಕೈ."