ತಿಂಗಳಿಗೆ 250: ಬಟ್ಟೆ ಚೀಟಿ ಉಳಿತಾಯವೇ, ಖರ್ಚೇ?

ತಿಂಗಳು ತಿಂಗಳು ಇಷ್ಟು ಅಂತ ಕಟ್ಟಿ ಬಟ್ಟೆ ತೆಗೆದುಕೊಂಡರೆ ದುಡ್ಡು ಉಳಿಯುತ್ತದೆಯೇ? ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇದು ಆ್ಯಪಿನ ಮಾತು. ಅಳತೆ ತಿಳಿಸಿ, ಇಷ್ಟದ ಬಣ್ಣ ಹೇಳಿ, ಕಂತು ಕಟ್ಟಿದರೆ ಬಟ್ಟೆಯ ಬಾಕ್ಸ್ ಬಾಗಿಲಿಗೇ ಬರುತ್ತದೆ. ಕೆಜಿಎಫ್ ಕಡೆಯವರಿಗೆ ಇದರಲ್ಲಿ ಹೊಸದು ಬಾಕ್ಸ್ ಒಂದೇ. ಕಂತು ಹಳೆಯದು; ಅದಕ್ಕೆ ಇಲ್ಲಿ ಬಟ್ಟೆ ಚೀಟಿ, ಸೀರೆ ಚೀಟಿ, ದೀಪಾವಳಿ ಚೀಟಿ ಎಂದು ಹೆಸರು. ರಾಬರ್ಟ್‌ಸನ್‌ಪೇಟೆಯಲ್ಲಿ ಅಂಥ ಚೀಟಿ ನಡೆಸುವ ಗೃಹಿಣಿಯೊಬ್ಬರು, ಬಂಗಾರಪೇಟೆಯಲ್ಲಿ ಆ ಬಟ್ಟೆಗಳಿಗೆ ಕತ್ತರಿ ಹಾಕುವ ಟೈಲರೊಬ್ಬರು ಇಲ್ಲಿ ಎದುರುಬದುರು ಕೂತಿದ್ದಾರೆ.

ಪರ

ನಮ್ಮ ಚೀಟಿಯಲ್ಲಿ 12 ಮಂದಿ. ತಿಂಗಳಿಗೆ ತಲಾ 250 ರೂಪಾಯಿ. ಹತ್ತನೇ ತಾರೀಕು ಸಂಜೆ ನಮ್ಮ ಮನೆ ಜಗಲಿಯ ಮೇಲೆ ಹಾರ್ಲಿಕ್ಸ್ ಡಬ್ಬಕ್ಕೆ ಹೆಸರು ಹಾಕಿ ಕುಲುಕಿ, ಯಾರದಾದರೂ ಮಗುವಿನ ಕೈಲಿ ಒಂದನ್ನು ಎತ್ತಿಸುತ್ತೇವೆ. ಹೆಸರು ಬಂದವರಿಗೆ 3000 ರೂಪಾಯಿಯ ಬಟ್ಟೆ. ಎತ್ತಿದ ಹೆಸರು ಮತ್ತೆ ಡಬ್ಬಕ್ಕೆ ಬೀಳುವುದಿಲ್ಲ, ಆದರೆ ವರ್ಷ ತುಂಬುವ ತನಕ ಕಂತು ಕಟ್ಟಲೇಬೇಕು. ದುಡ್ಡನ್ನು ಕೈಗೆ ಕೊಡುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಕಲ್ಲು. ಕೈಗೆ ಕೊಟ್ಟರೆ ಅದು ಸಂಜೆಯೊಳಗೆ ಗ್ಯಾಸೋ ಸ್ಕೂಲ್ ಫೀಸೋ ಗಂಡನ ಕೈಸಾಲವೋ ಆಗಿಬಿಟ್ಟಿರುತ್ತದೆ. ಹೆಂಗಸಿನ ಸೀರೆ ಯಾವಾಗಲೂ ಸಾಲಿನ ಕೊನೆಯಲ್ಲಿ ನಿಲ್ಲುವ ವಸ್ತು. ಚೀಟಿ ಅದನ್ನು ವರ್ಷಕ್ಕೊಮ್ಮೆಯಾದರೂ ಮುಂದಕ್ಕೆ ತರುತ್ತದೆ.

ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದವರು. ಆಗ ಸಂಬಳದ ದಿನ ಮನೆಯವರಿಗೆ ಎಷ್ಟು ಗೊತ್ತೋ ಅಂಗಡಿಯವರಿಗೂ ಅಷ್ಟೇ ಗೊತ್ತು. ಬಟ್ಟೆ ಅಂಗಡಿಯಲ್ಲಿ ಬರೆದಿಟ್ಟುಕೊಂಡು ಕೊಡುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಆಮೇಲೆ ಸಂಬಳದ ದಿನವೂ ಇಲ್ಲ, ಅಂಗಡಿಯ ಪುಸ್ತಕದಲ್ಲಿ ನಮ್ಮ ಪುಟವೂ ಇಲ್ಲ. ಅಮ್ಮ ಚೀಟಿ ಶುರು ಮಾಡಿದ್ದು ಆಗಲೇ. ಸಂಬಳ ನಿಂತ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಮತ್ತೆ ಒಂದು ತಾರೀಕು ಹುಟ್ಟಿದ್ದು ಆ ಚೀಟಿಯಿಂದ. ನಮ್ಮ ಮನೆಮಾತು ತಮಿಳು, ಎದುರು ಮನೆಯದು ತೆಲುಗು, ಚೀಟಿ ಪುಸ್ತಕ ಕನ್ನಡದಲ್ಲಿ. ಜಗಳ ಮಾತ್ರ ಮೂರರಲ್ಲೂ.

ಉಳಿತಾಯ ಎಲ್ಲಿ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಚೀಟಿ ಇಲ್ಲದವರು ಹಬ್ಬದ ವಾರ 3000 ರೂಪಾಯಿ ಎಲ್ಲಿಂದ ತರುತ್ತಾರೆ? ಬಡ್ಡಿಗೆ. ನೂರಕ್ಕೆ ತಿಂಗಳಿಗೆ ಐದು. ಅಸಲನ್ನು ತಿಂಗಳಿಗೆ 250ರಂತೆ ತಪ್ಪದೆ ತೀರಿಸುತ್ತ ಬಂದರೂ 12 ತಿಂಗಳಿಗೆ ಬಡ್ಡಿಯೇ 975 ರೂಪಾಯಿ. ಅದೇ 250 ನಮ್ಮ ಡಬ್ಬಕ್ಕೆ ಬಿದ್ದರೆ ಬಡ್ಡಿ ಸೊನ್ನೆ. ಮೊದಲ ತಿಂಗಳು ಹೆಸರು ಬಂದವಳಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವಳಿಗೆ ಹುಂಡಿ.

ಇನ್ನೊಂದು ಲಾಭ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ತಿಂಗಳಿಗೊಬ್ಬರಂತೆ ಕೊಳ್ಳುವುದರಿಂದ ಎಲ್ಲರೂ ದೀಪಾವಳಿ, ಕ್ರಿಸ್‌ಮಸ್ ವಾರದ ನೂಕುನುಗ್ಗಲಿಗೇ ಹೋಗಿ ಬೀಳಬೇಕಿಲ್ಲ. ಆಷಾಢದಲ್ಲಿ ಹೆಸರು ಬಂದವಳು ಆಷಾಢದ ರಿಯಾಯಿತಿಯಲ್ಲೇ ತರುತ್ತಾಳೆ. ನಮ್ಮಲ್ಲಿ ಐವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಚಿಕ್ಕಪೇಟೆಗೆ ಇಳಿದು ಸಗಟು ಅಂಗಡಿಯಲ್ಲಿ ಚೀಟಿಯದರ ಜೊತೆ ಅಕ್ಕಪಕ್ಕದ ಎರಡು ಮನೆಯದೂ ಸೇರಿಸಿ ತಂದರೆ ದರ ಮಾತಾಡಬಹುದು. ಒಬ್ಬಳೇ ಒಂದು ಸೀರೆ ಕೇಳಿದರೆ ಅಂಗಡಿಯವನು ಕುರ್ಚಿಯಿಂದಲೇ ಏಳುವುದಿಲ್ಲ.

ತಂಗಿ ಮಗಳು ವೈಟ್‌ಫೀಲ್ಡ್‌ನಲ್ಲಿದ್ದಾಳೆ, ಅವಳಿಗೆ ಬಾಕ್ಸ್ ಬರುತ್ತದೆ. ಅದನ್ನೂ ನಾನು ತಪ್ಪು ಎನ್ನುವುದಿಲ್ಲ. ತಿಂಗಳಿಗೆ ಇಷ್ಟೇ ಎಂದು ಗೆರೆ ಎಳೆದ ಮೇಲೆ ಶನಿವಾರ ಭಾನುವಾರ ಮಾಲ್ ಸುತ್ತುವುದು ನಿಂತಿದೆ. ರೈಲಿನ ಪಾಸು ಇದ್ದ ಹಾಗೆ: ತಿಂಗಳಿಗೊಮ್ಮೆ ಕಟ್ಟಿದರೆ ದಿನಾ ಪರ್ಸ್ ತೆಗೆಯುವುದು ತಪ್ಪುತ್ತದೆ.

ವಿರೋಧ

ಪಾಸಿನ ಮಾತು ಬಂತಲ್ಲ, ಅಲ್ಲಿಂದಲೇ ಹಿಡಿಯುತ್ತೇನೆ ತಂಗಿ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಪಾಸು ಮಾಡಿಸುವವನು ಹೇಗೂ ದಿನಾ ಹೋಗಲೇಬೇಕಾದವನು. ಅವನಿಗೆ ಪಾಸು ಉಳಿತಾಯ. ಪಾಸು ಕೊಂಡಿದ್ದೇನಲ್ಲ ಎಂದು ಕೆಲಸವಿಲ್ಲದ ದಿನವೂ ಬೆಂಗಳೂರಿಗೆ ಹೋಗಿ ಬರುವವನನ್ನು ಏನನ್ನಬೇಕು? ಬಾಕ್ಸ್ ಮಾಡುವುದು ಅದನ್ನೇ. ಬಟ್ಟೆ ಬೇಕಾಗಿ ಬಾಕ್ಸ್ ಬರುವುದಿಲ್ಲ. ಬಾಕ್ಸ್ ಬಂತೆಂದು ಬಟ್ಟೆ ಬೇಕಾಗುತ್ತದೆ.

ನಮ್ಮಪ್ಪ ಇಲ್ಲಿ ಮಷೀನು ಹಾಕಿದ ಕಾಲಕ್ಕೆ ಹಿರಿಯರ ಬಾಯಲ್ಲಿ ಈ ಊರು ಇನ್ನೂ ಬೌರಿಂಗ್‌ಪೇಟೆ. ಗಣಿಯವರು ಮಕ್ಕಳಿಗೆ ಯೂನಿಫಾರಂ ಹೊಲಿಸಲು ಬಂದರೆ ಮೊದಲು ಹೇಳುತ್ತಿದ್ದ ಮಾತು: ‘ಒಳಗೆ ಬಟ್ಟೆ ಬಿಡಿ ಮಾಸ್ಟರ್.’ ಚಡ್ಡಿಯ ಸೊಂಟದ ಹಿಂದೆ ಎರಡು ಇಂಚು, ಲಂಗದ ಅಂಚಿನಲ್ಲಿ ನಾಲ್ಕು ಇಂಚು ಮಡಿಕೆ. ಮಗು ಬೆಳೆದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆ ಬಣ್ಣ ಗಾಢವಾಗಿ ಒಂದು ಗೆರೆ ಉಳಿಯುತ್ತಿತ್ತು. ಆ ಗೆರೆ ಎಣಿಸಿದರೆ ಲಂಗಕ್ಕೆ ಎಷ್ಟು ವರ್ಷ ಎಂದು ಹೇಳಬಹುದಿತ್ತು. ಉಳಿತಾಯ ಅಂದರೆ ನನಗೆ ಆ ಗೆರೆ. ಈಗ ಬಾಕ್ಸಿನ ಕುರ್ತಾ ಆಲ್ಟರೇಶನ್‌ಗೆ ಬರುತ್ತದೆ. ಮಗುಚಿ ನೋಡಿದರೆ ಹೊಲಿಗೆಯ ಆಚೆ ಕಾಲು ಇಂಚೂ ಇಲ್ಲ, ಓವರ್‌ಲಾಕ್ ಹೊಡೆದು ಕತ್ತರಿಸಿ ಮುಗಿಸಿದ್ದಾರೆ. ಚಿಕ್ಕದು ಮಾಡಬಹುದು, ದೊಡ್ಡದು ಮಾಡಲು ಬಟ್ಟೆಯೇ ಇಲ್ಲ. ಮೈ ಸ್ವಲ್ಪ ಬಂದರೆ ಅದು ನೆಲ ಒರೆಸಲು. ಮುಂದಿನ ತಿಂಗಳು ಇನ್ನೊಂದು ಬರುತ್ತದಲ್ಲ.

ಈ ವ್ಯಾಪಾರ ಹುಟ್ಟಿದ ಅಮೆರಿಕದಲ್ಲಿ ಏನಾಗಿದೆ ನೋಡಿ. 2011ರಲ್ಲಿ ಶುರುವಾದ ಸ್ಟಿಚ್ ಫಿಕ್ಸ್ ಐದು ಉಡುಪು ಆರಿಸಿ ಕಳಿಸುತ್ತದೆ. ಆರಿಸಿದ್ದಕ್ಕೆ 20 ಡಾಲರ್ ಶುಲ್ಕ. ಏನಾದರೂ ಇಟ್ಟುಕೊಂಡರೆ ಆ 20 ಅದರ ಬೆಲೆಯಲ್ಲಿ ಕಳೆಯುತ್ತಾರೆ, ಎಲ್ಲ ವಾಪಸ್ ಕಳಿಸಿದರೆ ಹೋಯಿತು. ಐದನ್ನೂ ಇಟ್ಟುಕೊಂಡರೆ ಇನ್ನಷ್ಟು ರಿಯಾಯಿತಿ. 20 ಉಳಿಸಲು 60 ಖರ್ಚು ಮಾಡಿಸುವ ಲೆಕ್ಕ ಇದು. ಮನೆಗೆ ತರಿಸಿ ತೊಟ್ಟುನೋಡಿ ಆಮೇಲೆ ದುಡ್ಡು ಕೊಡುವ ಅಮೆಜಾನ್‌ನ ಏರ್ಪಾಡು 2025ರ ಜನವರಿಗೆ ಅಲ್ಲಿ ನಿಂತೇಹೋಯಿತು. ನಮ್ಮಲ್ಲೂ ಸೇರುವುದು ಸುಲಭ, ಬಿಡುವುದು ಕಷ್ಟ ಎನ್ನುವ ಚಂದಾಗಳು ಎಷ್ಟು ಹೆಚ್ಚಿದವೆಂದರೆ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಆನ್‌ಲೈನ್ ಕುತಂತ್ರಗಳ ಪೈಕಿ ಚಂದಾ ಬಲೆಯೂ ಒಂದು. ಕಂತು ತಾನಾಗಿ ಕಟ್ ಆಗುವುದಾದರೆ 24 ಗಂಟೆ ಮುಂಚೆ ಮೆಸೇಜು ಬರಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರಿನಿಂದಲೇ ಇದೆ. ಮೆಸೇಜು ಬರುತ್ತದೆ. ಬ್ಯಾಂಕಿನ ಮೆಸೇಜುಗಳ ರಾಶಿಯಲ್ಲಿ ಅದನ್ನು ಯಾರು ಓದುತ್ತಾರೆ?

ಇನ್ನು ಚೀಟಿ. ನಿಮ್ಮ ಡಬ್ಬದ ಮೇಲೆ ನನಗೆ ಅನುಮಾನವಿಲ್ಲ, ಡಬ್ಬ ಹಿಡಿದವರೆಲ್ಲ ನೀವಲ್ಲ ಅಷ್ಟೆ. ಕೆಲವು ವರ್ಷದ ಹಿಂದೆ ನಮ್ಮ ಬೀದಿಯಲ್ಲೇ ದೀಪಾವಳಿ ಚೀಟಿ ನಡೆಯುತ್ತಿತ್ತು. ವರ್ಷವಿಡೀ ಕಟ್ಟಿದರೆ ಕೊನೆಗೆ ಬಟ್ಟೆ, ಪಟಾಕಿ, ಸ್ವೀಟು. ಬಟ್ಟೆ ಬಂದಮೇಲೆ ತಡವಾದೀತೆಂದು 14 ಹೆಂಗಸರು ಮೊದಲೇ ಬಂದು ಬ್ಲೌಸಿನ ಅಳತೆ ಕೊಟ್ಟು ಹೋದರು. ಹಬ್ಬಕ್ಕೆ ಎಂಟು ದಿನ ಇದೆ ಎನ್ನುವಾಗ ಚೀಟಿ ನಡೆಸುವವರ ಮನೆಗೆ ಬೀಗ. ಆ 14 ಅಳತೆಗಳು ನನ್ನ ಪುಸ್ತಕದಲ್ಲಿ ಹಾಗೇ ಇವೆ. ಪಕ್ಕದಲ್ಲಿ ಬಟ್ಟೆಯ ತುಂಡು ಪಿನ್ ಮಾಡುವ ಜಾಗ ಖಾಲಿ. ಅವರಲ್ಲಿ ಒಬ್ಬರೂ ದೂರು ಕೊಡಲಿಲ್ಲ, ಯಾಕೆಂದರೆ ರಸೀದಿ ಇರಲಿಲ್ಲ. ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯ್ದೆಯಂತೆ ಮೊದಲೇ ಅನುಮತಿ ಪಡೆದು ನೋಂದಾಯಿಸಬೇಕು. ಜನರಿಂದ ಕಂತು ವಸೂಲಿ ಮಾಡಿ ಲಕ್ಕಿ ಡ್ರಾದಲ್ಲಿ ಬಹುಮಾನ ಹಂಚುವ ಸ್ಕೀಮುಗಳನ್ನಂತೂ 1978ರ ಕಾಯ್ದೆ ನಿಷೇಧಿಸಿದೆ. ಜಗಲಿಯ ಮೇಲೆ ಯಾರು ಕಾಯ್ದೆ ಕೇಳುತ್ತಾರೆ ಎನ್ನಬೇಡಿ. ಬೀಗ ಬಿದ್ದ ದಿನ ಎಲ್ಲರೂ ಕೇಳುತ್ತಾರೆ.

ಸೀರೆ ಚೀಟಿಯಲ್ಲಿ ನೀವು ಬರೆಯದ ಒಂದು ಬಾಬ್ತು ಇದೆ. ಸೀರೆ ಬಂದರೆ ಫಾಲ್ಸ್, ಜಿಗ್‌ಜಾಗ್, ಬ್ಲೌಸು, ಅದಕ್ಕೆ ಅಸ್ತರು. ಇದು ನನ್ನ ಹೊಟ್ಟೆಪಾಡು, ನಾನೇ ಹೇಳಬಾರದು, ಆದರೂ ಹೇಳುತ್ತೇನೆ. ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಉಳಿಸಿದ 200 ನನ್ನ ಅಂಗಡಿ ಮೆಟ್ಟಿಲು ಹತ್ತುವ ಹೊತ್ತಿಗೆ ಮುಗಿದಿರುತ್ತದೆ. ಉಳಿಸಲೇಬೇಕೆಂದರೆ ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆರ್‌ಡಿ ಇದೆ. ಅಲ್ಲಿ ಬೀಗ ಬೀಳುವುದಿಲ್ಲ, ಸ್ವಲ್ಪವಾದರೂ ಬಡ್ಡಿ ಬರುತ್ತದೆ.

ಪರ, ಮತ್ತೊಮ್ಮೆ

ಅಂಚೆ ಆರ್‌ಡಿ ಐದು ವರ್ಷದ್ದು, ಮಾಸ್ಟರ್. ದೀಪಾವಳಿ ವರ್ಷಕ್ಕೊಂದು ಬರುತ್ತದೆ.

ಬೀಗದ ವಿಷಯ ಒಪ್ಪುತ್ತೇನೆ. ಅದಕ್ಕೇ ನಮ್ಮಲ್ಲಿ 12ಕ್ಕಿಂತ ಹೆಚ್ಚು ಜನರನ್ನು ಸೇರಿಸುವುದಿಲ್ಲ. ಸೇರಿಸಿ ಎಂದು ಬೇಕಾದಷ್ಟು ಜನ ಬಂದಿದ್ದಾರೆ. ದುಡ್ಡು ಒಂದು ರಾತ್ರಿಗಿಂತ ಹೆಚ್ಚು ನನ್ನ ಮನೆಯಲ್ಲಿ ಇರುವುದಿಲ್ಲ. ಹತ್ತನೇ ತಾರೀಕು ಸೇರಿದ್ದು ಹನ್ನೊಂದಕ್ಕೆ ಬಟ್ಟೆ ಅಂಗಡಿಗೆ ಹೋಗುತ್ತದೆ, ಬಿಲ್ಲು ಪುಸ್ತಕಕ್ಕೆ ಅಂಟುತ್ತದೆ, 12 ಮಂದಿಯೂ ಸಹಿ ಹಾಕುತ್ತಾರೆ. ಇಬ್ಬರದು ಹೆಬ್ಬೆಟ್ಟು. ವರ್ಷವಿಡೀ ದುಡ್ಡು ಒಬ್ಬರ ಬೀರುವಿನಲ್ಲಿ ಕೂಡಿ ಬೀಳುವ ಚೀಟಿಗೆ ನಾನೂ ಸೇರುವುದಿಲ್ಲ, ನನ್ನ ತಂಗಿಗೂ ಸೇರಬೇಡ ಎಂದಿದ್ದೇನೆ. ಬಾಕ್ಸಿನ ವಿಷಯ ನೀವು ಹೇಳಿದ ಮೇಲೆ ತಂಗಿ ಮಗಳ ಕುರ್ತಾ ಮಗುಚಿ ನೋಡಿದೆ. ಕಾಲು ಇಂಚೂ ಇಲ್ಲ, ನಿಜ.

ಆದರೆ ಹೊಲಿಗೆ ಖರ್ಚಿಗೆ ದಾರಿ ಇದೆ. ಈ ಸಲ 3000ದಲ್ಲಿ 2750ಕ್ಕೆ ಬಟ್ಟೆ, 250 ಹೊಲಿಗೆಗೆ ಎಂದು ಪುಸ್ತಕದಲ್ಲೇ ಬರೆದಿದ್ದೇನೆ. 12 ಬ್ಲೌಸೂ ನಿಮ್ಮ ಹತ್ತಿರವೇ ಕೊಡುತ್ತೇವೆ. ಫಾಲ್ಸ್ ಸೇರಿಸಿ 250ಕ್ಕೆ ಮಾಡಿಕೊಡಿ.

ವಿರೋಧ, ಕೊನೆಗೆ

ಅಸ್ತರು ನೀವೇ ತರಬೇಕು. ಹಬ್ಬಕ್ಕೆ 20 ದಿನ ಮುಂಚೆ ತರಬೇಕು. ಒಳಗೆ ಒಂದೂವರೆ ಇಂಚು ಬಿಡುತ್ತೇನೆ.