ಚಂದಾ ಕೊಟ್ಟರೆ ಸಾಲದು: ಪೇಟೆಬೀದಿ ಅಂಗಡಿಕಾರರ ಪ್ರಣಾಳಿಕೆ

ಗಣೇಶ ಚೌತಿಗೆ ಒಂದು ರಸೀದಿ, ರಾಜ್ಯೋತ್ಸವಕ್ಕೆ ಒಂದು, ಜಾತ್ರೆಗೆ ಒಂದು, ಕ್ರಿಕೆಟ್ ಟೂರ್ನಮೆಂಟಿಗೆ ಮತ್ತೊಂದು. ಹುಡುಗರು ಪುಸ್ತಕ ಹಿಡಿದು ಬರುತ್ತಾರೆ, ನಾವು ಗಲ್ಲಾದಿಂದ ಐನೂರರ ನೋಟು ತೆಗೆದು ಕೊಡುತ್ತೇವೆ, ಫ್ಲೆಕ್ಸಿನ ಮೂಲೆಯಲ್ಲಿ ಅಂಗಡಿಯ ಹೆಸರು ಬರುತ್ತದೆ. ಹಬ್ಬ ಮುಗಿದ ವಾರಕ್ಕೆ ಆ ಫ್ಲೆಕ್ಸು ಚರಂಡಿ ಸೇರುತ್ತದೆ. ಊರಿಗೂ ಅಂಗಡಿಗೂ ಇರುವ ನಂಟು ಇಷ್ಟರಲ್ಲೇ ಮುಗಿದುಹೋಗುತ್ತಿದೆ. ಇದು ಸಾಲದು ಅನ್ನಿಸಿದವರು ಸೇರಿ ಈ ಬಳಗ ಕಟ್ಟುತ್ತಿದ್ದೇವೆ.

ನಾವು ಯಾರು

ತಾಲ್ಲೂಕು ಊರುಗಳ ಪೇಟೆಬೀದಿಯಲ್ಲಿ ಕಿರಾಣಿ, ಮೆಡಿಕಲ್, ಬೇಕರಿ, ಜೆರಾಕ್ಸ್, ಹಾರ್ಡ್‌ವೇರ್, ಕಟಿಂಗ್ ಶಾಪ್, ಟೈಲರ್ ಅಂಗಡಿ, ಖಾನಾವಳಿ ನಡೆಸುವವರು. ಹೂವಿನ ಬುಟ್ಟಿಯವರು, ತಳ್ಳುಗಾಡಿಯವರು ನಮ್ಮವರೇ. ಬೀದಿಬದಿಯಲ್ಲಿ ವ್ಯಾಪಾರ ಮಾಡುವ ಅವರ ಹಕ್ಕನ್ನು 2014ರ ಕಾಯಿದೆ ಕಾಪಾಡುತ್ತದೆ. ಅಂಗಡಿಯೊಳಗೆ ಫ್ಯಾನಿನ ಕೆಳಗೆ ಕೂತವರು ಅದನ್ನು ಮರೆಯುವಂತಿಲ್ಲ.

2013ರ ಕಂಪನಿ ಕಾಯಿದೆಯ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಇರುವ ಕಂಪನಿ ತನ್ನ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ನಮಗೆ ಅಂಥ ಕಟ್ಟಳೆ ಇಲ್ಲ, ಅಷ್ಟು ದುಡ್ಡೂ ಇಲ್ಲ. ಆದರೆ ಆ ಕಂಪನಿಗಳಿಗೆ ಸಿಗದ ಒಂದು ಆಸ್ತಿ ನಮ್ಮಲ್ಲಿದೆ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತೂವರೆವರೆಗೆ ನಾವು ಬೀದಿಯಲ್ಲೇ ಇರುತ್ತೇವೆ. ದಿನಾ ಅರ್ಧ ಲೀಟರ್ ನಂದಿನಿ ಹಾಲು ಒಯ್ಯುವ ಅಜ್ಜ ಎರಡು ದಿನ ಬರಲಿಲ್ಲವೆಂದರೆ ಮೊದಲು ಗೊತ್ತಾಗುವುದು ಹಾಲಿನ ಅಂಗಡಿಯವರಿಗೆ. ಬೆಂಗಳೂರಿನಲ್ಲಿರುವ ಮಗನಿಗೆ ಆಮೇಲೆ. ಯಾವ ಮನೆಯ ಉದ್ರಿ ಈ ತಿಂಗಳು ತೀರಲಿಲ್ಲ, ಯಾವ ಹುಡುಗ ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಸುತ್ತುತ್ತಿದ್ದಾನೆ ಎಂಬುದೂ ನಮಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದನ್ನು ಬಿಡೋಣ ಎನ್ನುವುದೇ ಈ ಬಳಗದ ಒಟ್ಟು ಮಾತು.

ಕೊಡುವ ಮೊದಲು ತಕ್ಕಡಿ

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ದಾನಕ್ಕೆ ಮೊದಲು ಗಳಿಕೆ ನೆಟ್ಟಗಿರಬೇಕೆಂಬ ಈ ಲೆಕ್ಕ ನಮ್ಮ ನಾಡಿನ ವ್ಯಾಪಾರಕ್ಕೆ ಹೊಸದಲ್ಲ. ಆದ್ದರಿಂದ ಊರಿಗೆ ಏನಾದರೂ ಕೊಡುವ ಮೊದಲು ನಮ್ಮ ಅಂಗಡಿಯೊಳಗೆ ಇವಿಷ್ಟು:

1. ತಕ್ಕಡಿಗೆ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಹಾಕಿಸುತ್ತೇವೆ. ಕೇಳಿದವರಿಗೆ ಮತ್ತೊಮ್ಮೆ ತೂಗಿ ತೋರಿಸುತ್ತೇವೆ.

2. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಲೋಟ ತೊಳೆಯಲು ಬಂದ ಹುಡುಗನನ್ನು ಶಾಲೆಗೆ ಕರೆದೊಯ್ದು ಮೇಷ್ಟರ ಕೈಗೆ ಒಪ್ಪಿಸುತ್ತೇವೆ.

3. ಶಾಲೆಯ ನೂರು ಗಜದೊಳಗೆ ಬೀಡಿ, ಸಿಗರೇಟು ಮಾರಬಾರದೆಂದು 2003ರ ಕಾಯಿದೆಯಲ್ಲೇ ಇದೆ. ಹತ್ತಿರದ ಅಂಗಡಿಯವರು ಆ ವ್ಯಾಪಾರ ಬಿಡುತ್ತೇವೆ.

4. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹಾಗಿದ್ದೂ ಗಲ್ಲಾದ ಕೆಳಗೆ ಒಂದು ಕಟ್ಟು ಇದ್ದೇ ಇರುತ್ತದೆ. ಅದನ್ನು ತೆಗೆಯುತ್ತೇವೆ.

ಊರಿಗೆ ನಮ್ಮ ಪಾಲು

ಯಾರೂ ತಮ್ಮ ಕಸುಬು ಬಿಟ್ಟು ಸಮಾಜಸೇವೆಗೆ ಹೊರಡಬೇಕಿಲ್ಲ. ಇರುವ ಕಸುಬಿನಲ್ಲೇ ಸೇವೆಗೆ ಜಾಗವಿದೆ.

ಜೆರಾಕ್ಸ್ ಅಂಗಡಿಯನ್ನೇ ನೋಡಿ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು ಹಳ್ಳಿಯಿಂದ ಬಂದ ಅಜ್ಜಿ ಚೀಲದಿಂದ ಮಡಿಸಿದ ಕಾಗದಗಳನ್ನು ತೆಗೆದು ಗಾಜಿನ ಮೇಲೆ ಹರಡುತ್ತಾಳೆ. ಆಧಾರ್ ಕಾರ್ಡಿನಲ್ಲಿ ಹೆಸರು ಗೌರಮ್ಮ, ರೇಷನ್ ಕಾರ್ಡಿನಲ್ಲಿ ಗವರವ್ವ. ತಾಳೆ ಇಲ್ಲವೆಂಬುದು ಮೊದಲು ಕಣ್ಣಿಗೆ ಬೀಳುವುದು ಜೆರಾಕ್ಸಿನವರಿಗೆ. ಪ್ರತಿ ತೆಗೆದು ಕಾಸು ಇಸಕೊಂಡು ಕಳಿಸಿಬಿಟ್ಟರೆ ನಾಡಕಚೇರಿಯಲ್ಲಿ ಅರ್ಜಿ ವಾಪಸಾಗುತ್ತದೆ. ಶಕ್ತಿ ಯೋಜನೆಯಿಂದ ಬಸ್ಸೇನೋ ಬಿಟ್ಟಿ. ಜೊತೆಗೆ ಬಂದ ಮಗಳ ಒಂದು ದಿನದ ಕೂಲಿ ಹೋಯಿತು. ‘ಅಮ್ಮಾ, ಮೊದಲು ಈ ಹೆಸರು ಸರಿಮಾಡಿಸಿಕೊಂಡು ಬಾ’ ಎಂದು ಹೇಳಲು ಎರಡು ನಿಮಿಷ ಸಾಕು. ಯಾವ ಅರ್ಜಿಗೆ ಯಾವ ದಾಖಲೆ ಬೇಕೆಂಬ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕಲು ಒಂದು ರಟ್ಟು ಸಾಕು.

ಇನ್ನು ಸಂತೆಯ ದಿನ. ನಸುಕಿಗೇ ಮನೆ ಬಿಟ್ಟು ಸೊಪ್ಪು ಮಾರಲು ಬಂದ ಹೆಂಗಸರು ಸಂಜೆವರೆಗೆ ನೀರು ಕುಡಿಯದೆ ಕೂರುತ್ತಾರೆ. ಕುಡಿದರೆ ಎಲ್ಲಿಗೆ ಹೋಗುವುದು? ಜರ್ಮನಿಯ ಆಲೆನ್ ಊರಿನಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡರು. ಹೋಟೆಲಿನವರು ಬಾಗಿಲಿಗೆ ಒಂದು ಚೀಟಿ ಅಂಟಿಸಿ ತಮ್ಮ ಶೌಚಾಲಯವನ್ನು ಎಲ್ಲರಿಗೂ ತೆರೆದಿಟ್ಟರು, ತೊಳೆಯುವ ಖರ್ಚಿಗೆ ನಗರಾಡಳಿತ ಹಣ ಕೊಟ್ಟಿತು. ನಮ್ಮ ಬಳಗದ ಹೋಟೆಲು, ಖಾನಾವಳಿಗಳು ಪುರಸಭೆಯ ಹಣಕ್ಕೆ ಕಾಯದೆ ಸಂತೆಯ ದಿನ ಇದನ್ನು ಶುರುಮಾಡುತ್ತವೆ. ಟೀ ಕುಡಿಯಲೇಬೇಕೆಂಬ ನಿಯಮ ಇರುವುದಿಲ್ಲ.

ಉಳಿದದ್ದು ಅವರವರ ಕಸುಬಿಗೆ ತಕ್ಕಂತೆ. ಹಾರ್ಡ್‌ವೇರಿನವರು ಸರ್ಕಾರಿ ಶಾಲೆಯ ನಲ್ಲಿ, ಚಿಲಕ, ಸ್ವಿಚ್ಚು ನೋಡಿಕೊಳ್ಳಲಿ. ಗ್ಯಾರೇಜಿನವರು ರಜೆಯಲ್ಲಿ ಐಟಿಐ ಹುಡುಗರಿಗೆ ಕೆಲಸ ಕಲಿಸಲಿ, ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಲಿ. ಹಾಲಿನವರು, ಮೆಡಿಕಲಿನವರು ಒಂಟಿಯಾಗಿರುವ ವೃದ್ಧರ ಮಕ್ಕಳ ಫೋನ್ ನಂಬರು ಕೇಳಿ ಬರೆದಿಟ್ಟುಕೊಳ್ಳಲಿ.

ಪುರಸಭೆಗೆ ನಮ್ಮ ಬೇಡಿಕೆ

ಕಸದ ಗಾಡಿ ನಾವು ಶೆಟರ್ ಎತ್ತುವ ಮೊದಲೇ ಬಂದು ಹೋಗುತ್ತದೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಇನ್ನೊಂದು ಸುತ್ತು ಬರಲಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವ ಹೊಣೆ ನಮ್ಮದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು ಎನ್ನುತ್ತದೆ ಬೀದಿ ವ್ಯಾಪಾರಿಗಳ ಆ 2014ರ ಕಾಯಿದೆ. ಆ ಸಮಿತಿಯ ಸಭೆಗಳು ತಪ್ಪದೆ ನಡೆಯಲಿ.

ಗಿರಾಕಿಗಳಿಗೆ

ಉದ್ರಿಯನ್ನು ಹೇಳಿದ ತಾರೀಖಿಗೆ ಕೊಡಿ. ಬಿಲ್ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ತರಿಸಿಕೊಳ್ಳಬೇಡಿ ಎಂದು ನಾವು ಹೇಳುವುದಿಲ್ಲ. ಬೀದಿಯಲ್ಲಿ ಸಿಗುವುದನ್ನು ಬೀದಿಯಲ್ಲೂ ಒಮ್ಮೆ ವಿಚಾರಿಸಿ ಎನ್ನುತ್ತೇವೆ.

ಏನು ಮಾಡುವುದಿಲ್ಲ

ಬಳಗದ ಹೆಸರಿನಲ್ಲಿ ಚಂದಾ ಎತ್ತುವುದಿಲ್ಲ, ಫ್ಲೆಕ್ಸ್ ಕಟ್ಟುವುದಿಲ್ಲ, ಚುನಾವಣೆಯಲ್ಲಿ ಯಾರ ಪರವಾಗಿಯೂ ಓಡಾಡುವುದಿಲ್ಲ. ಜಾತಿ, ಧರ್ಮ ನೋಡಿ ಇಂಥವರ ಅಂಗಡಿಗೆ ಹೋಗಬೇಡಿ, ಜಾತ್ರೆಯಲ್ಲಿ ಇಂಥವರಿಗೆ ಜಾಗ ಕೊಡಬೇಡಿ ಎನ್ನುವವರ ಜೊತೆ ನಾವಿಲ್ಲ. ಹಾಗೆ ಹೇಳಿದವರಿಗೆ ಬಳಗದಲ್ಲಿ ಸದಸ್ಯತ್ವವೂ ಇಲ್ಲ.

ಸೇರುವುದು ಹೇಗೆ

ಸದಸ್ಯತ್ವಕ್ಕೆ ಶುಲ್ಕವಿಲ್ಲ. ನಿಮ್ಮ ಅಂಗಡಿ ಊರಿಗಾಗಿ ಮಾಡುವ ಒಂದೇ ಒಂದು ಕೆಲಸವನ್ನು ಕಾರ್ಡಿನ ಮೇಲೆ ಬರೆದು, ಗಿರಾಕಿಗೆ ಕಾಣುವಂತೆ ಗಲ್ಲಾದ ಹಿಂದೆ ಅಂಟಿಸಿ. ತಿಂಗಳಿಗೊಮ್ಮೆ ವಾರದ ರಜೆಯ ದಿನ ಯಾರಾದರೊಬ್ಬರ ಅಂಗಡಿಯ ಮುಂದೆ ಕೂತು ಯಾರದು ನಡೆಯಿತು, ಯಾರದು ನಿಂತಿತು ಎಂದು ನೋಡೋಣ. ಮೂರು ತಿಂಗಳು ನಡೆಯದಿದ್ದರೆ ಕಾರ್ಡು ಇಳಿಸಿ, ನಿಮ್ಮ ಕೈಲಾಗುವುದನ್ನು ಬರೆದು ಮತ್ತೆ ಬನ್ನಿ. ‘ಬರೆದಿದ್ದೀರಲ್ಲ, ಎಲ್ಲಿ?’ ಎಂದು ಕೇಳುವ ಹಕ್ಕು ಪ್ರತಿ ಗಿರಾಕಿಗೂ ಇದೆ; ಉತ್ತರ ಕೊಡಬೇಕಾದವರು ಕಾರ್ಡು ಅಂಟಿಸಿದವರೇ. ಒಂದು ಬೀದಿಗೆ ಐದು ಅಂಗಡಿ ಒಪ್ಪಿದರೆ ಅಲ್ಲಿ ಬಳಗ ಶುರುವಾದಂತೆ.